ಸಿರಸಿಯ ಉಲ್ಲನ್ ಅಕ್ಕನ ಅಂಗಡಿ: ಕೈಹೆಣಿಗೆ ಟೊಪ್ಪಿ, ಮಫ್ಲರ್, ಶಾಲು ಕೊಡೋರು ಓದ್ಕೊಂಡು ಕೊಡಿ

ಮೊದಲೇ ಹೇಳಿಬಿಡ್ತೀನಿ, ಅವಸರದೋರಿಗೆ ಈ ಅಂಗಡಿ ಅಲ್ಲ. ನಾಡಿದ್ದು ಮದುವೆ, ನಾಳೆ ಸಂಜೆಗೆ ಶಾಲು ತೊಳ್ದು ಇಸ್ತ್ರಿ ಹಾಕಿ ಕೊಡಿ ಅಂದ್ರೆ ಅಕ್ಕ ನಕ್ಕು ವಾಪಸ್ ಕಳಿಸ್ತಾರೆ. ಆದ್ರೆ ಆಯಿನೋ ಅತ್ತೆನೋ ಕೂತು ಹೆಣೆದ ಒಂದು ಟೊಪ್ಪಿ, ಮಫ್ಲರ್, ಗ್ಲೌಸು, ಶಾಲು ಇದೆ, ಅದು ಇನ್ನೊಂದಿಷ್ಟು ವರ್ಷ ಬಾಳ್ಬೇಕು ಅಂತಿದ್ರೆ ನಮ್ಮ ಜಿಲ್ಲೆಲಿ ನಾ ನೋಡಿದ ಮಟ್ಟಿಗೆ ಇಷ್ಟು ಜೋಪಾನವಾಗಿ ತೊಳ್ದು, ರಿಪೇರಿ ಮಾಡಿಕೊಡೋ ಜಾಗ ಬೇರೆ ಇಲ್ಲ. ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಟ್ ಆಯ್ತು ಅಂತ ಕೆಳಗೆ ಬರುತ್ತೆ.

ಕಾರವಾರದ ಸೆಖೆಲಿ ಇದ್ಕೊಂಡು ನಿಂಗೆ ಉಲ್ಲನ್ ಯಾಕೆ ಮಾರಾಯ್ತಿ ಅಂತ ಕೇಳೋರು ಇದ್ದೇ ಇದ್ದಾರೆ. ಬಾಣಂತನ ಇದೆಯಲ್ಲ, ಘಟ್ಟದ ಮೇಲೆ ತವರುಮನೆ ಇದೆಯಲ್ಲ, ಡಿಸೆಂಬರ್ ಜನವರಿಲಿ ಬೆಳಿಗ್ಗೆ ತೋಟಕ್ಕೆ ಹೋಗೋ ಅಪ್ಪಯ್ಯ ಇದ್ದಾರಲ್ಲ, ಅದೂ ಬಿಟ್ರೆ ಕೊಂಕಣ ರೈಲ್ವೆಯ ಎಸಿ ಬೋಗಿ ಇದೆ. ಬಳಸೋದು ಕಡಿಮೆ, ಇಟ್ಟಿರೋದೇ ಜಾಸ್ತಿ, ನಮ್ಮ ಕಡೆ ಉಲ್ಲನ್ ಹಾಳಾಗೋದೂ ಅದ್ಕೇ. ದಿನಾ ಹಾಕೋ ಬಟ್ಟೆಗೆ ಬೂಷ್ಟು ಹಿಡಿಯಲ್ಲ, ವರ್ಷಕ್ಕೊಂದ್ಸಲ ತೆಗೆಯೋದಕ್ಕೆ ಹಿಡಿಯುತ್ತೆ.

ಜಾಗ ಹೇಳ್ತೀನಿ. ದೇವಿಕೆರೆಯಿಂದ ನಡ್ಕೊಂಡು ಹೋಗೋವಷ್ಟು ಹತ್ರ, ಒಂದು ಟೇಲರ್ ಅಂಗಡಿ ಹಿಂದಿನ ಕೋಣೆ. ಬೋರ್ಡ್ ಇಲ್ಲ. ಮ್ಯಾಪಲ್ಲಿ ಹುಡುಕಿದ್ರೆ ಸಿಗಲ್ಲ, ಆ ಬೀದಿಲಿ ಯಾರನ್ನಾದ್ರೂ ಉಲ್ಲನ್ ತೊಳ್ದು ಕೊಡೋ ಅಕ್ಕ ಎಲ್ಲಿ ಅಂತ ಕೇಳಿದ್ರೆ ಕೈ ತೋರಿಸ್ತಾರೆ. ಅಕ್ಕ ಒಬ್ರೇ, ಸಂಜೆ ಹೊತ್ತು ಕಾಲೇಜು ಮುಗಿಸಿ ಮಗಳು ಬಂದು ಕೂತ್ಕೋತಾಳೆ. ಹೆಣೆದದ್ದು ಮಾತ್ರ ತಗೋತಾರೆ, ಅದೂ ಕೈಲಿ ಹೆಣೆದದ್ದು, ಕ್ರೋಶಾ ಆದ್ರೂ ಅಡ್ಡಿಲ್ಲ. ಮಷಿನ್ ಸ್ವೆಟರ್, ಜಾಕೆಟ್ಟು, ಬ್ಲಾಂಕೆಟ್ಟು ಎಂತದೂ ಬೇಡ ಅಂತಾರೆ.

ನಾ ಕೊಟ್ಟದ್ದು ಮೂರು ನಮೂನೆ. ಅಪ್ಪಯ್ಯನ ಬೂದು ಬಣ್ಣದ ಮಫ್ಲರ್, ಅದ್ರಲ್ಲಿ ಎರಡು ತೂತು. ಮಗುವಿನ ಟೊಪ್ಪಿ ಮತ್ತೆ ಕಾಲುಚೀಲ, ಹಳದಿ ಬಣ್ಣದ್ದು, ಟೊಪ್ಪಿ ನೆತ್ತಿ ಮೇಲೆ ಒಂದು ಗೊಂಡೆ. ಆಮೇಲೆ ನಮ್ಮತ್ತೆ ಹೆಣೆದ ಜಡೆ ಡಿಸೈನಿನ ಮರೂನ್ ಶಾಲು. ಈ ಶಾಲನ್ನ ಅದಕ್ಕಿಂತ ಮೊದಲು ಬೇರೊಂದು ಊರಿನ ಡ್ರೈಕ್ಲೀನಿಂಗ್ ಅಂಗಡಿಗೆ ಕೊಟ್ಟಿದ್ವಿ, ಹೆಸರು ಬೇಡ, ಅವ್ರು ಬಿಸಿ ಇಸ್ತ್ರಿ ಒತ್ತಿ ಮಡಚಿ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕೊಟ್ಟಿದ್ರು. ಬಿಚ್ಚಿ ನೋಡಿದ್ರೆ ಉಬ್ಬಿದ್ದ ಜಡೆ ಎಲ್ಲ ನೆಲಸಮ, ಶಾಲು ಜೋತು ಬಿದ್ದಂಗೆ, ಮುಟ್ಟಿದ್ರೆ ಒಂಥರಾ ಜಾರೋ ಜಾರೋ.

ಅಕ್ಕ ಸಾಮಾನು ತಗೊಂಡ ಕೂಡ್ಲೇ ರಸೀದಿ ಬರೀಲಿಲ್ಲ. ಮೇಜಿನ ಮೇಲೆ ಒಂದು ಸ್ಟೀಲ್ ತಟ್ಟೆ, ಕಡ್ಡಿಪೆಟ್ಟಿಗೆ, ಒಂದು ಚಿಮಟ. ಮಫ್ಲರಿನ ಒಳಬದಿ, ನೂಲು ಮುಗಿದು ಗಂಟು ಹಾಕಿದ ಜಾಗದಲ್ಲಿ ಬಾಲ ಇರುತ್ತಲ್ಲ, ಅದ್ರಿಂದ ಅರ್ಧ ಇಂಚು ಕತ್ತರಿಸಿ ಚಿಮಟದಲ್ಲಿ ಹಿಡಿದು ಬೆಂಕಿ ತಾಗಿಸಿದ್ರು. ಮೆತ್ತಗೆ ಸುರುಟಿಕೊಂಡು ಉರೀತು, ಕಡ್ಡಿ ದೂರ ತೆಗೆದ ಕೂಡ್ಲೇ ತಾನೇ ಆರಿಹೋಯ್ತು, ಕೂದ್ಲು ಸುಟ್ಟ ವಾಸನೆ, ಉಳಿದ ಕರಿ ಬೆರಳಲ್ಲಿ ಉಜ್ಜಿದ್ರೆ ಪುಡಿ. "ಇದು ಕುರಿದು, ಅಸಲು." ಆಮೇಲೆ ಟೊಪ್ಪಿದು. ಚಟಕ್ಕಂತ ಹತ್ತಿಕೊಂಡು ಕರಗಿ ತೊಟ್ಟಿಕ್ತು, ತಟ್ಟೆಲಿ ಗಟ್ಟಿ ಕರಿ ಮಣಿ ಆಗಿ ಕೂತ್ಕೊಳ್ತು, ಉಗುರಲ್ಲಿ ಒತ್ತಿದ್ರೂ ಒಡೀಲಿಲ್ಲ. ಅಕ್ರಿಲಿಕ್. ಶಾಲೂ ಅದೇ. ಹತ್ತಿ ನೂಲಾಗಿದ್ರೆ ಕಾಗದ ಸುಟ್ಟ ವಾಸನೆ ಬರುತ್ತೆ, ಹಗುರ ಬೂದಿ ಆಗುತ್ತೆ ಅಂತ ಮಗಳು ಪಕ್ಕದಿಂದ ಸೇರಿಸಿದ್ಲು. ಮಿಕ್ಸ್ ನೂಲಾದ್ರೆ ಎರಡೂ ಲಕ್ಷಣ ಒಟ್ಟಿಗೆ ಬಂದು ತಲೆ ಕೆಡುತ್ತಂತೆ, ಅಂಥದನ್ನ ಅಸಲು ಉಣ್ಣೆ ಅಂತಲೇ ತಿಳ್ಕೊಂಡು ನಾಜೂಕಾಗಿ ತೊಳೆಯೋದು ಅವರ ಪದ್ಧತಿ.

ಈ ಪರೀಕ್ಷೆ ಮನೇಲೂ ಮಾಡ್ಬಹುದು, ಸಿಂಕ್ ಹತ್ರ ನಿಂತ್ಕೊಂಡು, ಮಕ್ಕಳನ್ನ ದೂರ ಇಟ್ಟು. ಮಾಡ್ಲೇಬೇಕು ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ನಮ್ಮ ಕಡೆ ಅಂಗಡೀಲಿ ಸಿಗೋ ಬಣ್ಣ ಬಣ್ಣದ ಉಂಡೆಲಿ ಹೆಚ್ಚಿನವು ಅಕ್ರಿಲಿಕ್ಕೇ, ಸುತ್ತಿರೋ ಕಾಗದದ ಮೇಲೆ ಬರೆದಿರುತ್ತೆ, ಆ ಕಾಗದ ಯಾರೂ ಇಟ್ಕೊಳಲ್ಲ. ಅಕ್ರಿಲಿಕ್ ಅಂದ್ರೆ ಕೀಳು ಅಂತಲ್ಲ ಮತ್ತೆ. ಮಗುವಿನ ಟೊಪ್ಪಿಗೆ ಅದೇ ವಾಸಿ, ದಿನಾ ತೊಳೀಬಹುದು, ಕುಗ್ಗಲ್ಲ, ಹುಳಕ್ಕೂ ಬೇಡ. ಅದ್ರ ವೈರಿ ಒಂದೇ, ಬಿಸಿ. ಇಸ್ತ್ರಿ ಪೆಟ್ಟಿಗೆ ತಾಗಿದ್ರೆ ಅಥವಾ ಹಬೆ ಅತಿಯಾದ್ರೆ ಎಳೆ ಮೆತ್ತಗಾಗಿ ಅದ್ರ ಪುಟಿಯೋ ಗುಣ ಹೋಗುತ್ತೆ, ಹೋದದ್ದು ಮತ್ತೆ ಬರಲ್ಲ. ನಮ್ಮ ಶಾಲಿಗೆ ಆದದ್ದು ಅದೇ. ಅಕ್ಕ ಶಾಲನ್ನ ಬೆಳಕಿಗೆ ಹಿಡಿದು ನೋಡಿ, "ತಂಗಿ, ಇದನ್ನ ನಾ ತೊಳ್ದು ಕೊಡ್ತೆ, ಜಡೆ ಎಬ್ಸೂಕೆ ನನ್ನ ಹತ್ರ ಆಗೂದಿಲ್ಲ, ಸುಳ್ಳು ಹೇಳಿ ದುಡ್ಡು ತಗಳೂದು ಎಂತಕ್ಕೆ" ಅಂದ್ರು. ನಂಗೆ ಅಲ್ಲೇ ಅರ್ಧ ನಂಬಿಕೆ ಬಂತು. ಆಗಲ್ಲ ಅಂತ ಹೇಳೋ ಅಂಗಡಿ ಎಷ್ಟಿವೆ ಹೇಳಿ.

ಉಣ್ಣೆದು ಬೇರೆ ಕತೆ. ಉಣ್ಣೆ ಎಳೆ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಪೊರೆ ಇರುತ್ತೆ, ಮೀನಿನ ಮೈ ಮೇಲಿದ್ದ ಹಾಗೆ, ಎಲ್ಲ ಒಂದೇ ದಿಕ್ಕಿಗೆ ಮಲಗಿರುತ್ತೆ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದ್ರೆ ಆ ಪೊರೆ ಎದ್ದು ಎಳೆಗೆ ಎಳೆ ಸಿಕ್ಕಿ ಹಾಕ್ಕೊಂಡು ಬಿಗಿದು ಬಿಡುತ್ತೆ. ಸ್ವೆಟರ್ ಕುಗ್ಗಿ ಗೊಂಬೆ ಅಳತೆ ಆಯ್ತು ಅಂತಾರಲ್ಲ, ಅದು ಇದೇ. ಬಿಡಿಸೋಕಾಗಲ್ಲ. ನಾ ಹೋದಾಗ ಒಬ್ರು ವಾಷಿಂಗ್ ಮಷಿನ್‌ಗೆ ಹಾಕಿದ ಗ್ಲೌಸ್ ತಂದಿದ್ರು, ಬೆರಳು ಒಳಗೆ ಹೋಗ್ತಿರಲಿಲ್ಲ, ಅಕ್ಕ ಅದನ್ನ ಕತ್ತರಿಸಿ ಬಿಸಿ ಪಾತ್ರೆ ಹಿಡಿಯೋ ಮಸಿಬಟ್ಟೆ ಮಾಡ್ಕೊಳ್ಳಿ, ಕತ್ತರಿಸಿದ್ರೆ ಎಳೆ ಬಿಚ್ಚೋದೂ ಇಲ್ಲ ಅಂದು ಕಳಿಸಿದ್ರು. ಮಷಿನ್‌ಗೆ ಹಾಕ್ಬಹುದು ಅಂತ ಬರೆದಿರೋ ಉಣ್ಣೆ ನೂಲೂ ಸಿಗುತ್ತೆ, ಅದ್ರ ಪೊರೆಯನ್ನ ಫ್ಯಾಕ್ಟರೀಲೇ ಕ್ಲೋರಿನ್‌ನಲ್ಲಿ ಸವೆಸಿ ಮೇಲೊಂದು ಲೇಪ ಕೊಟ್ಟಿರ್ತಾರೆ. ಲೇಬಲ್ ಇಲ್ದಿದ್ರೆ ಹಾಗೆ ಅಂದ್ಕೊಂಡು ಧೈರ್ಯ ಮಾಡ್ಬೇಡಿ. ಮತ್ತೆ ಬಿಳಿ ಬಟ್ಟೆಗೆ ಹಾಕೋ ಬ್ಲೀಚ್ ಉಣ್ಣೆ ಹತ್ರಕ್ಕೂ ತರಬಾರದು, ಅದು ಉಣ್ಣೆಯನ್ನ ಕರಗಿಸಿಯೇ ಬಿಡುತ್ತೆ.

ತೊಳೆಯೋದು ಅಂಟುವಾಳಕಾಯಲ್ಲಿ. ಗ್ರಂಧಿಗೆ ಅಂಗಡೀಲಿ ಸಿಗೋ ಒಣ ಕಾಯಿ, ಬೀಜ ತೆಗೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ, ಬಟ್ಟೇಲಿ ಎರಡು ಸಲ ಸೋಸ್ತಾರೆ. ಸೋಸದಿದ್ರೆ ತಿಳಿ ಬಣ್ಣದ ನೂಲಿಗೆ ಕಂದು ಕಲೆ ಕೂರುತ್ತಂತೆ, ಬಿಳಿ ಟೊಪ್ಪಿಗೆ ಮಾತ್ರ ಅಂಗಡಿ ಲಿಕ್ವಿಡ್ಡೇ ಬಳಸ್ತಾರೆ. ಬಟ್ಟೆ ಸೋಪು, ಮಾಮೂಲಿ ಪೌಡರು ಕ್ಷಾರ, ಉಣ್ಣೆಗೆ ಕ್ಷಾರ ಆಗ್ಬರಲ್ಲ, ಅಂಟುವಾಳದ ನೀರು ಸ್ವಲ್ಪ ಹುಳಿ ಕಡೆಗೇ ಇರುತ್ತೆ, ರೇಷ್ಮೆ ಸೀರೆಗೆ, ಚಿನ್ನಕ್ಕೆ ನಮ್ಮಜ್ಜಿಯರು ಬಳಸ್ತಿದ್ದದ್ದು ಅದ್ಕೇ. ಮನೇಲಿ ನಾನು ಉಲ್ಲನ್‌ಗೆ ಅಂತ ಮಾರೋ ಲಿಕ್ವಿಡ್ ಬಳಸ್ತೀನಿ, ಈಜಿ ಬ್ರಾಂಡ್ ತರದ್ದು, ಅದೂ ಅಡ್ಡಿಲ್ಲ, ಒಂದು ಮುಚ್ಚಳ ಸಾಕು, ಜಾಸ್ತಿ ಹಾಕಿದ್ರೆ ನೊರೆ ತೆಗೆಯೋಕೆ ಜಾಲಿಸಿ ಜಾಲಿಸಿ ಹೆಣಿಗೆಗೇ ಪೆಟ್ಟು. ಕೂದಲಿನ ಶಾಂಪೂ ಕೂಡ ಆಗುತ್ತೆ, ಉಣ್ಣೆನೂ ಕೂದಲೇ ಅಲ್ವಾ.

ಮುಳುಗಿಸಿ ಇಡೋದು ಕಾಲು ಗಂಟೆ, ನೀರು ತಣ್ಣಗೆ ಅಥವಾ ಉಗುರುಬೆಚ್ಚಗೆ, 30 ಡಿಗ್ರಿ ಒಳಗೆ. ಬೆರಳಲ್ಲಿ ಮೆತ್ತಗೆ ಅದುಮೋದು ಅಷ್ಟೇ, ತಿಕ್ಕೋದಿಲ್ಲ, ಹಿಂಡೋದಿಲ್ಲ, ಜಾಲಿಸೋ ನೀರೂ ಅದೇ ಬಿಸಿ ಇರ್ಬೇಕು. ಎತ್ತುವಾಗ ಎರಡೂ ಕೈ ಅಡಿಗೆ ಕೊಟ್ಟು ಪೂರ್ತಿ ಎತ್ತೋದು, ಒಂದು ತುದಿ ಹಿಡಿದು ಎತ್ತಿದ್ರೆ ನೀರಿನ ಭಾರಕ್ಕೆ ಮಫ್ಲರ್ ಮೊಳ ಉದ್ದ ಆಗುತ್ತೆ, ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವವನ್ನ ಮುಟ್ಟಿದ್ರೂ ಗೊತ್ತಾಗದಂಗೆ ಹೀರಿಕೊಂಡಿರುತ್ತೆ, ಒದ್ದೆ ಆದ್ಮೇಲಂತೂ ಕೇಳೋದೇ ಬೇಡ. ಆಮೇಲೆ ಒಣ ಟವಲಲ್ಲಿ ಸುರುಳಿ ಸುತ್ತಿ ಮೇಲಿಂದ ಒತ್ತೋದು. ಇಷ್ಟು ಯಾರು ಬೇಕಾದ್ರೂ ಮನೇಲಿ ಮಾಡ್ಬಹುದು, ಇದಕ್ಕೆ ಅಂತ ನಾನು ಕಾರವಾರದಿಂದ ಘಟ್ಟ ಹತ್ತಲ್ಲ.

ಹತ್ತೋದು ಒಣಗಿಸೋದಕ್ಕೆ. ಕಾರವಾರದಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಗಾಳೀಲಿರೋ ತೇವ 85–90 ಪರ್ಸೆಂಟ್ ಆಸುಪಾಸು, ವರ್ಷದ ಮಳೆ 3000 ಮಿಲಿಮೀಟರ್ ಮೇಲೆ, ಹತ್ತಿ ಬನಿಯನ್ನೇ ಎರಡು ದಿನಕ್ಕೆ ಒಣಗಲ್ಲ, ಉಣ್ಣೆ ಮಫ್ಲರ್ ಫ್ಯಾನ್ ಕೆಳಗೆ ಹಾಕಿದ್ರೆ ಮೇಲೆ ಒಣಗಿದಂಗೆ ಕಂಡು ಒಳಗೆ ಮುಗ್ಗಲು. ಮಳೆಗಾಲ ಬಿಟ್ರೂ ಸಮುದ್ರದ ಗಾಳಿ ಇದ್ದೇ ಇದೆ, ರಾತ್ರಿ ಹೊರಗೆ ಬಿಟ್ರೆ ಬೆಳಿಗ್ಗೆ ಮತ್ತೆ ಹಸಿ ಹಸಿ. ಘಟ್ಟದ ಮೇಲಿನ ಮನೆಗಳಲ್ಲಿ ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಒಣಗಿಸ್ತಾರೆ, ಒಣಗೋದೇನೋ ಒಣಗುತ್ತೆ, ಹೊಗೆ ವಾಸನೆ ಉಣ್ಣೆಗೆ ಹಿಡಿದ್ರೆ ಮುಂದಿನ ತೊಳೆತದ ತನಕ ಬಿಡಲ್ಲ, ಹಗ್ಗದ ಗೆರೆ ಬೇರೆ ಬೀಳುತ್ತೆ.

ಅಕ್ಕನ ಒಳಕೋಣೆ ನೋಡ್ಬೇಕು. ಮರದ ಚೌಕಟ್ಟಿಗೆ ಕಿಟಕಿಗೆ ಹಾಕೋ ಸೊಳ್ಳೆ ಜಾಲರಿ ಬಿಗಿದು, ಅಡಿಕೆ ಅಟ್ಟದ ಹಾಗೆ ಒಂದರ ಮೇಲೊಂದು ಮೂರು ಅಂತಸ್ತು, ಕೆಳಗಿಂದಲೂ ಗಾಳಿ ಆಡುತ್ತೆ, ಮೇಲೆ ಫ್ಯಾನು, ಮೂಲೇಲಿ ತೇವ ಎಳೆಯೋ ಮಷಿನ್ನು ಗುಂಯ್ ಅಂತಿರುತ್ತೆ, ಅದ್ರ ಡಬ್ಬಿಲಿ ಸೇರೋ ನೀರನ್ನ ದಿನಾ ಚೆಲ್ತಾರೆ. ಬಿಸಿಲಿಗೆ ಹಾಕೋದಿಲ್ಲ, ಬಣ್ಣ ಹೋಗುತ್ತೆ. ನಂಗೆ ಭಾರಿ ಮೆಚ್ಚುಗೆ ಆದದ್ದು ಇನ್ನೊಂದು. ತೊಳೆಯೋಕೆ ಮೊದಲು ಪ್ರತಿ ಸಾಮಾನನ್ನ ಹಳೇ ಪೇಪರ್ ಮೇಲೆ ಮಲಗಿಸಿ ಪೆನ್ಸಿಲಲ್ಲಿ ಸುತ್ತ ಗೆರೆ ಎಳೆದು ಹೆಸರು ಬರೆದಿಡ್ತಾರೆ. ತೊಳೆದ ಮೇಲೆ ಜಾಲರಿ ಮೇಲೆ ಅದೇ ಅಳತೆಗೆ ಎಳೆದು ಕೂರಿಸಿ, ಅಂಚಿಗೆ ತುಕ್ಕು ಹಿಡಿಯದ ಪಿನ್ನು ಚುಚ್ತಾರೆ. ಉಣ್ಣೆ ಹೇಗೆ ಒಣಗುತ್ತೋ ಹಾಗೇ ನಿಲ್ಲುತ್ತೆ, ಹಾಗಾಗಿ ಅಪ್ಪಯ್ಯನ ಮಫ್ಲರಿನ ಸೊಟ್ಟ ಅಂಚು ನೆಟ್ಟಗಾಗಿ ಬಂತು. ಅಕ್ರಿಲಿಕ್‌ಗೆ ಬರೀ ನೀರಲ್ಲಿ ಈ ಜಾದೂ ನಡೆಯಲ್ಲ, ಅದು ಒಣಗಿದ ಮೇಲೆ ತನ್ನ ಹಳೇ ಆಕಾರಕ್ಕೇ ಹೋಗುತ್ತೆ. ಟೊಪ್ಪಿಗೆ ಊದಿದ ಬಲೂನು, ಅದೂ ಮಗುವಿನ ತಲೆಯಷ್ಟೇ ಊದಿ, ಒಂದು ಲೋಟದ ಮೇಲೆ ಕೂರಿಸಿದ್ರು. ಸಾಲಾಗಿ ಬಲೂನ್ ತಲೆಗಳು ಟೊಪ್ಪಿ ಹಾಕ್ಕೊಂಡು ಕೂತಿದ್ದು ನೋಡಿ ನಮ್ಮ ಮಗುಗೆ ನಗು ತಡೀಲಿಲ್ಲ.

ಇನ್ನು ರಿಪೇರಿ. ಮಫ್ಲರಲ್ಲಿ ಎರಡು ತೂತು ಅಂದ್ನಲ್ಲ. ಅಕ್ಕ ಭೂತಗನ್ನಡಿ ಹಿಡಿದು, ಇದು ಮೊಳೆಗೆ ಸಿಕ್ಕಿ ಹರಿದದ್ದು, ಇದು ಹುಳ ತಿಂದದ್ದು ಅಂತ ಬೇರೆ ಮಾಡಿದ್ರು. ಮೊಳೆಗೆ ಸಿಕ್ಕಿದ್ದಾದ್ರೆ ಎಳೆ ಉದ್ದಕ್ಕೆ ಎಳೆದು ತುಂಡಾಗಿರುತ್ತೆ, ಪಕ್ಕದ ಕುಣಿಕೆಗಳು ಬಿಗಿದಿರುತ್ತೆ. ಹುಳ ತಿಂದದ್ದಾದ್ರೆ ಕತ್ತರೀಲಿ ಕಡಿದಂಗೆ, ಸುತ್ತ ಎಳೆ ಅರ್ಧಂಬರ್ಧ ಸವೆದು ಬಡವಾಗಿರುತ್ತೆ, ಹತ್ತಿರದಲ್ಲೇ ಇನ್ನೊಂದೆರಡು ಸಣ್ಣ ತೂತು ಹೊಂಚು ಹಾಕ್ತಿರುತ್ತೆ. ಹಾಗೇ ಆಗಿತ್ತು, ನಾವು ಎರಡು ಅಂದ್ಕೊಂಡಿದ್ದು ನಾಕು. ನಮ್ಮ ಕರಾವಳಿ ಮನೆ ಗೋಡೆ ಮೇಲೆ ಬೂದು ಬಣ್ಣದ, ಚಪ್ಪಟೆ, ಸೌತೆಬೀಜದ ಆಕಾರದ ಚೀಲ ಹೊತ್ಕೊಂಡು ಮೆಲ್ಲಗೆ ಹೋಗೋ ಹುಳ ನೋಡಿದ್ದೀರಲ್ಲ, ಎರಡೂ ತುದಿಯಿಂದ ತಲೆ ಹೊರಗೆ ಹಾಕುತ್ತೆ. ಅದು ಜೇಡರ ಬಲೆ, ಕೂದ್ಲು, ಸತ್ತ ಹುಳ ತಿಂದು ಬದುಕೋದು, ಉಣ್ಣೆ ಸಿಕ್ರೆ ಅದನ್ನೂ ಬಿಡಲ್ಲ. ಅದು ಪತಂಗದ ಮರಿ. ಹಾರೋ ಪತಂಗ ಬಟ್ಟೆ ತಿನ್ನಲ್ಲ, ತಿನ್ನೋದು ಈ ಮರಿನೇ. ಬೆವರು, ಎಣ್ಣೆ ಹತ್ತಿದ ಉಣ್ಣೆ ಅಂದ್ರೆ ಇನ್ನೂ ಇಷ್ಟ, ಅದ್ಕೇ ಒಂದ್ಸಲ ಹಾಕಿದ್ದನ್ನೂ ತೊಳೆಯದೆ ಪೆಟ್ಟಿಗೆಗೆ ಇಡಬಾರದು.

ಅಪ್ಪಯ್ಯನ ಮಫ್ಲರಿಗೆ ಹೊಂದೋ ನೂಲು ಎಲ್ಲಿಂದ ತರೋದು? ಉಳಿದ ನೂಲು ಇದ್ಯಾ ಅಂತ ಕೇಳಿದ್ರು, ಇರಲಿಲ್ಲ. ಮಫ್ಲರಿನ ತುದಿಗೆ ಕುಚ್ಚು ಇತ್ತು, ಒಂದೊಂದು ಕಡೆಯಿಂದ ಒಂದೊಂದು ಕುಚ್ಚು ಬಿಚ್ಚಿ ಅದೇ ನೂಲಲ್ಲಿ ಮಾಡ್ತೆ, ಕುಚ್ಚು ಕಡಿಮೆ ಆದದ್ದು ಯಾರೂ ಲೆಕ್ಕ ಮಾಡೂದಿಲ್ಲ ಅಂದ್ರು. ಇದು ನಂಗಂತೂ ಹೊಳೀತಿರಲಿಲ್ಲ. ತೂತಿನ ಸುತ್ತ ಸವೆದ ಎಳೆ ಬಿಡಿಸಿ, ಗಟ್ಟಿ ಇರೋ ಕುಣಿಕೆ ಸಿಗೋ ತನಕ ಹೋಗಿ, ಅವುಗಳನ್ನ ಬೇರೆ ಬಣ್ಣದ ದಾರದಲ್ಲಿ ಪೋಣಿಸಿ ಇಟ್ಟು, ಮೊಂಡು ಮೂತಿಯ ಸೂಜಿಲಿ ಕೆಳಗಿನ ಕುಣಿಕೆ ಒಳಗಿಂದ ಬಂದು ಮೇಲಿನ ಕುಣಿಕೆ ಹಿಂದೆ ಹೋಗಿ ಮತ್ತೆ ಕೆಳಗೆ, ಹೀಗೆ ಸೂಜಿಲೇ ಹೊಸ ಸಾಲು ಹೆಣೀತಾರೆ. ಮಾಮೂಲಿ ರಫೂ ಮಾಡೋರು ಅಡ್ಡ ಉದ್ದ ದಾರ ಓಡಿಸಿ ಬಲೆ ಕಟ್ತಾರಲ್ಲ, ಅದು ಗಟ್ಟಿ, ಆದ್ರೆ ಮಫ್ಲರ್ ಎಳೆದ್ರೆ ಅಷ್ಟು ಜಾಗ ಮಾತ್ರ ಹಿಗ್ಗಲ್ಲ, ತೇಪೆ ಅಂತ ಕೂಗಿ ಹೇಳುತ್ತೆ. ಇದು ಹಿಗ್ಗುತ್ತೆ. ವಾಪಸ್ ತಗೊಂಡಾಗ ಕಿಟಕಿ ಹತ್ರ ಹಿಡಿದು ಹುಡುಕಿದೆ, ಮೂರು ತೂತು ಎಲ್ಲಿತ್ತು ಅಂತಲೇ ಗೊತ್ತಾಗಲಿಲ್ಲ, ನಾಕನೇದು ಒಂದು ಕುಣಿಕೆ ಸೀದಾ ಒಂದು ಉಲ್ಟಾ ಹೆಣೆದ ಅಂಚಲ್ಲಿ ಬಂದಿದ್ದಕ್ಕೆ ಅಲ್ಲಿ ಸ್ವಲ್ಪ ದಪ್ಪ ಕೈಗೆ ತಾಗುತ್ತೆ. ಅಪ್ಪಯ್ಯಂಗೆ ತೋರಿಸಿದ್ರೆ, ತೂತು ಇತ್ತಾ ಅಂತ ನನ್ನನ್ನೇ ಕೇಳಿದ್ರು.

ಅವತ್ತಿಂದ ಆಯಿಗೆ ಹೇಳಿದ್ದೀನಿ, ಏನು ಹೆಣೆದ್ರೂ ಅದೇ ನೂಲು ಒಂದು ಹತ್ತು ಹನ್ನೆರಡು ಮಾರು ಸುತ್ತಿ, ಉಂಡೆ ಮೇಲಿನ ಕಾಗದದ ಜೊತೆ ಒಂದು ಕವರಲ್ಲಿ ಹಾಕಿಡು ಅಂತ. ಆ ನೂಲನ್ನೂ ಬಟ್ಟೆ ಜೊತೆಗೇ ತೊಳೀಬೇಕಂತೆ, ಇಲ್ದಿದ್ರೆ ಐದು ವರ್ಷ ಬಿಟ್ಟು ತೇಪೆ ಹಾಕುವಾಗ ಅದು ಹೊಸಾ ಬಣ್ಣ, ಇದು ಹಳೇ ಬಣ್ಣ.

ಬಳಸ್ತಾ ಬಳಸ್ತಾ ಬಟ್ಟೆ ಮೇಲೆ ಎಳೆಯ ಸಣ್ಣ ಸಣ್ಣ ಉಂಡೆ ಏಳೋದರ ಬಗ್ಗೆ ಒಂದು ಮಾತು, ಯಾಕಂದ್ರೆ ಆನ್‌ಲೈನಲ್ಲಿ ಲಿಂಟ್ ತೆಗೆಯೋ ಬ್ಯಾಟರಿ ಮಷಿನ್ ಎಲ್ಲರೂ ತಗೋತಿದ್ದಾರೆ. ಮಷಿನ್‌ನಲ್ಲಿ ನೇಯ್ದ ಸಪಾಟು ಬಟ್ಟೆಗೆ ಅದು ಸರಿ. ಕೈಹೆಣಿಗೆಲಿ ಕುಣಿಕೆಗಳು ಉಬ್ಬಿರ್ತಾವೆ, ಜಡೆ ಡಿಸೈನ್ ಅಂದ್ರೆ ಇನ್ನೂ ಮೇಲೆ, ಆ ಬ್ಲೇಡ್ ಜಾಲರಿಯೊಳಗೆ ಒಂದು ಕುಣಿಕೆ ಹೊಕ್ಕರೆ ಸಾಕು, ಉಂಡೆ ಬದಲು ಎಳೆನೇ ಕಟ್, ಮುಂದಿನದು ಬಿಚ್ಚುತ್ತಾ ಹೋಗುತ್ತೆ. ಅಕ್ಕ ಬಾಚಣಿಗೆ ತರದ ಒಂದು ಸಣ್ಣ ಸಾಧನದಲ್ಲಿ ಒಂದೇ ದಿಕ್ಕಿಗೆ ಬಾಚ್ತಾರೆ, ಗಟ್ಟಿಯಾಗಿ ಅಂಟಿದ್ದನ್ನ ಸಣ್ಣ ಕತ್ತರೀಲಿ ಒಂದೊಂದಾಗಿ ಕತ್ತರಿಸ್ತಾರೆ. ಉಣ್ಣೆದು ಉಂಡೆ ಎದ್ರೂ ಎಳೆ ಬಲ ಕಡಿಮೆ ಇರೋದ್ರಿಂದ ಕಾಲಕ್ರಮೇಣ ತಾನೇ ಉದುರುತ್ತೆ, ಅಕ್ರಿಲಿಕ್ಕಿನ ಉಂಡೆ ಹಠಮಾರಿ, ಬಿಗಿ ಹಿಡ್ಕೊಂಡೇ ಇರುತ್ತೆ. ಕೈಲಿ ಕಿತ್ತರೆ ಒಳಗಿಂದ ಇನ್ನಷ್ಟು ಎಳೆ ಎದ್ದು ಬಂದು ಮತ್ತೆ ಉಂಡೆ.

ಪ್ಯಾಕಿಂಗಿಗೆ ಪೂರ್ತಿ ಮಾರ್ಕ್ಸ್. ಹಳೇ ಹತ್ತಿ ಪಂಚೆ ತುಂಡಲ್ಲಿ ಸುತ್ತಿ, ಒಳಗೆ ಬಜೆ ಬೇರಿನ ತುಂಡು ಇಟ್ಟು ಕೊಡ್ತಾರೆ, ಪ್ಲಾಸ್ಟಿಕ್ ಇಲ್ಲ. ಬಜೆ, ಲಾವಂಚ, ಕಹಿಬೇವಿನ ಎಲೆ ಇವೆಲ್ಲ ಪತಂಗ ಹತ್ರ ಬರದ ಹಾಗೆ ಒಂದಿಷ್ಟು ನೋಡ್ಕೊಳುತ್ತೆ, ಆಗಲೇ ಇಟ್ಟಿರೋ ಮೊಟ್ಟೆ ಸಾಯಿಸಲ್ಲ, ವಾಸನೆ ಹೋದ್ಮೇಲೆ ಅದೂ ಇಲ್ಲ. ಮೊಟ್ಟೆ ಇರ್ಬಹುದು ಅಂತ ಅನುಮಾನ ಇದ್ರೆ ಪೂರ್ತಿ ಒಣಗಿದ ಬಟ್ಟೆಯನ್ನ ಕವರಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಲ್ಲಿ ಎರಡು ವಾರ ಇಟ್ಟು, ಹೊರಗೆ ತೆಗೆದ ಮೇಲೆ ಕವರ್ ಬಿಚ್ಚದೆ ಮಾಮೂಲಿ ಬಿಸಿಗೆ ಬರೋ ತನಕ ಕಾಯ್ಬೇಕು. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡೋ ಊರಲ್ಲಿ ಇದು ಎಷ್ಟು ನಡೆಯುತ್ತೆ ನೀವೇ ನೋಡ್ಕೊಳ್ಳಿ, ಮಧ್ಯೆ ಕರಗಿದ್ರೆ ಲೆಕ್ಕ ಮತ್ತೆ ಒಂದರಿಂದ.

ಡಾಂಬರು ಗುಳಿಗೆ ಮಗುವಿನ ಬಟ್ಟೆ ಜೊತೆ ಇಡೋದನ್ನ ದಯವಿಟ್ಟು ಬಿಡಿ. ನ್ಯಾಫ್ತಲೀನ್ ಹಬೆ ಕೆಲವು ಮಕ್ಕಳಿಗೆ, ಅದ್ರಲ್ಲೂ ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರೋ ಮಕ್ಕಳಿಗೆ, ರಕ್ತದ ಕೆಂಪು ಕಣ ಒಡೆಯೋ ಹಾಗೆ ಮಾಡುತ್ತೆ, ಕಾಮಾಲೆ ಏರುತ್ತೆ. ಪೆಟ್ಟಿಗೆಯಿಂದ ತೆಗೆದು ಸೀದಾ ಕೂಸಿನ ತಲೆಗೆ ಟೊಪ್ಪಿ ಹಾಕೋ ಪದ್ಧತಿ ನಮ್ಮಲ್ಲಿ ಇದೆಯಲ್ಲ, ಹೆದರಿಕೆ ಇರೋದು ಅಲ್ಲಿ.

ನಮ್ಮ ಕರಾವಳಿಗೆ ಹುಳಕ್ಕಿಂತ ದೊಡ್ಡ ತಲೆನೋವು ಬೂಷ್ಟು. ಸುತ್ತಲಿನ ತೇವ 65–70 ಪರ್ಸೆಂಟ್ ದಾಟಿ ನಿಂತ್ರೆ ಬೂಷ್ಟಿಗೆ ಹಬ್ಬ, ಉಣ್ಣೆ ಅಕ್ರಿಲಿಕ್ ಅಂತ ಭೇದ ಇಲ್ಲ, ಎಳೆ ಮೇಲಿನ ಜಿಡ್ಡು ಕೊಳೆ ಸಾಕು ಅದಕ್ಕೆ. ಹಿಂದೆಲ್ಲ ಕಪಾಟಿನ ಒಳಗೆ ಝೀರೋ ಬಲ್ಬ್ ಹಾಕಿಡ್ತಿದ್ರು, ಬಲ್ಬಿನ ಬಿಸಿಗೆ ಒಳಗೆ ಒಣ ಇರ್ತಿತ್ತು, ಈಗಿನ ಎಲ್‌ಇಡಿ ಹಾಕಿದ್ರೆ ಬೆಳಕು ಮಾತ್ರ. ಅಂಗಡೀಲಿ ಸಿಗೋ ತೇವ ಹೀರೋ ಡಬ್ಬಿ ನಾನು ಕಪಾಟಿಗೆ ಇಟ್ಟು ನೋಡಿದ್ದೀನಿ, ಒಳಗಿರೋದು ಕ್ಯಾಲ್ಸಿಯಂ ಕ್ಲೋರೈಡ್, ನೀರು ಎಳೆದೂ ಎಳೆದೂ ತಾನೇ ಕರಗಿ ಉಪ್ಪುನೀರಾಗುತ್ತೆ. ಕೆಲಸ ಚೆನ್ನಾಗಿ ಮಾಡುತ್ತೆ, ಮಳೆಗಾಲದಲ್ಲಿ ಬೇಗ ತುಂಬುತ್ತೆ, ತುಂಬಿದ್ದು ಉರುಳಿ ಬಟ್ಟೆ ಮೇಲೆ ಬಿದ್ರೆ ಆ ಬಟ್ಟೆ ತೊಳೆಯೋ ತನಕ ಒಣಗೋದೇ ಇಲ್ಲ, ಹಾಗಾಗಿ ಕೆಳಗಿನ ಅರೆಲಿ ಒಂದು ಬೋಗುಣಿ ಒಳಗೆ ಕೂರಿಸಿ ಇಡೋದು ಕ್ಷೇಮ. ಸಿಲಿಕಾ ಜೆಲ್ ಆದ್ರೆ ಚೆಲ್ಲೋ ಭಯ ಇಲ್ಲ, ಓವನ್‌ನಲ್ಲಿ 120 ಡಿಗ್ರಿ ಆಸುಪಾಸು ಒಂದೆರಡು ಗಂಟೆ ಕಾಯಿಸಿದ್ರೆ ಮತ್ತೆ ಬಳಸ್ಬಹುದು. ನೀಲಿ ಇದ್ದು ಗುಲಾಬಿ ಆಗೋ ಕಾಳಲ್ಲಿ ಕೋಬಾಲ್ಟ್ ಇರುತ್ತೆ, ಮಕ್ಕಳಿರೋ ಮನೆಗೆ ಕಿತ್ತಳೆ ಬಣ್ಣದ್ದೇ ತಗೊಳ್ಳಿ. ಯಾವುದೇ ಇಟ್ರೂ ಬಟ್ಟೆ ಇಡೋಕೆ ಗಟ್ಟಿ ಮುಚ್ಚಳದ ಡಬ್ಬಿ ಬೇಕು, ಬಾಗಿಲು ಸರಿಯಾಗಿ ಕೂರದ ಮರದ ಕಪಾಟಲ್ಲಿ ಇಟ್ರೆ ಅದು ಊರಿನ ತೇವ ಎಲ್ಲ ಹೀರೋಕೆ ಹೋಗಿ ಸೋಲುತ್ತೆ. ಮತ್ತೆ ಮಫ್ಲರ್ ಶಾಲು ಹ್ಯಾಂಗರಿಗೆ ನೇತು ಹಾಕ್ಬೇಡಿ, ಹ್ಯಾಂಗರ್ ತಾಗಿದ ಜಾಗದಲ್ಲಿ ಮೊಳೆತಂಗೆ ಉಬ್ಬು ಬರುತ್ತೆ, ಸಡಿಲವಾಗಿ ಸುರುಳಿ ಸುತ್ತಿ ಮಲಗಿಸಿ.

ಈಗ ಕಟ್ ಆದ ಸ್ಟಾರ್ ವಿಷಯ. ಮಗುವಿನ ಟೊಪ್ಪಿ ನೋಡೋಕೆ ಒಣಗಿತ್ತು, ನೆತ್ತಿ ಮೇಲಿನ ಗೊಂಡೆ ಒಳಗೆ ಹಸಿ ಹಾಗೇ ಉಳಿದಿತ್ತು. ಕಾರವಾರ ಮುಟ್ಟೋ ಹೊತ್ತಿಗೆ ಮುಗ್ಗಲು ವಾಸನೆ. ಗೊಂಡೆ ಅಂದ್ರೆ ನೂಲಿನ ಗಟ್ಟಿ ಕಟ್ಟು, ಒಣಗೋಕೆ ಉಳಿದದ್ದಕ್ಕಿಂತ ದುಪ್ಪಟ್ಟು ಹೊತ್ತು ಬೇಕು ಅನ್ನೋದು ಅವರಿಗೆ ಗೊತ್ತಿಲ್ದೇ ಇರೋದಲ್ಲ. ಫೋನ್ ಮಾಡಿ ಹೇಳಿದ್ರೆ, ತಪ್ಪಾಯ್ತು ತಂಗಿ, ಮತ್ತೆ ಕಳ್ಸು, ದುಡ್ಡು ಬೇಡ ಅಂದ್ರು. ಟೊಪ್ಪಿ ಒಂದಕ್ಕೆ ಘಟ್ಟ ಹತ್ತಿಸೋದೆಂತ ಅಂತ ನಾನೇ ಮತ್ತೆ ತೊಳ್ದು ಗೊಂಡೆಗೆ ಹೇರ್ ಡ್ರೈಯರಿನ ತಣ್ಣನೆ ಗಾಳಿ ಹಿಡಿದೆ. ಫೋನು ಎತ್ತೋದೂ ಅಪರೂಪ, ಸಂಜೆ ಮಗಳು ಇರುವಾಗ ಮಾಡಿದ್ರೆ ಮಾತ್ರ ಸಿಗ್ತಾರೆ. ಹೇಳಿದ ದಿನಕ್ಕೆ ಕೊಡೋದಿಲ್ಲ, ಹತ್ತು ದಿನ ಅಂದ್ರೆ ಹದಿನೈದು ಹಿಡೀರಿ. ಮತ್ತೆ ಬಣ್ಣ ಬಿಡೋ ನೂಲಾದ್ರೆ ತೊಳೆಯೋಕೆ ಮುಂಚೆನೇ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ, ಬಣ್ಣ ಹತ್ತಿದ್ರೆ ನಿಮ್ಮ ಜವಾಬ್ದಾರಿ ಮೇಲೆ ಕೊಡಿ ಅಂತ ಬರೆಸಿಕೊಳ್ತಾರೆ, ಇದು ನಂಗೆ ತಪ್ಪು ಅನ್ನಿಸಲಿಲ್ಲ, ಜೊತೆಗೆ ಬಂದಿದ್ದ ನಾದಿನಿಗೆ ಸಿಟ್ಟು ಬಂತು.

ರೇಟು: ಟೊಪ್ಪಿ, ಕಾಲುಚೀಲ, ಗ್ಲೌಸು ತೊಳೆಯೋದು 60 ರೂಪಾಯಿ, ಮಫ್ಲರ್ 100, ಶಾಲು 250. ರಿಪೇರಿ ತೂತಿನ ಅಳತೆ ಮೇಲೆ, ನನ್ನ ಮಫ್ಲರಿನ ನಾಕಕ್ಕೂ ಸೇರಿ 400 ಆಯ್ತು. ಜಾಸ್ತಿ ಅನ್ಸಿದ್ರೆ ಒಂದ್ಸಲ ಪಕ್ಕ ಕೂತು ಅವರು ಒಂದು ಸಾಲು ಮುಗಿಸೋದು ನೋಡಿ. ಮಾತಾಡಿದ್ರೆ ಕಡಿಮೆ ಮಾಡೋದಿಲ್ಲ, ಮಾಡಿದ ಜಾಗದಲ್ಲಿ ವರ್ಷದೊಳಗೆ ಬಿಚ್ಚಿದ್ರೆ ಫ್ರೀ.

ಕಾರವಾರ, ಅಂಕೋಲಾ, ಕುಮಟಾ ಕಡೆಯೋರು ಪ್ರತಿ ಸಲ ಹೋಗೋ ಅಗತ್ಯ ಇಲ್ಲ, ಬಸ್ ಪಾರ್ಸೆಲ್‌ನಲ್ಲಿ ಕಳಿಸಿದ್ರೂ ತಗೋತಾರೆ, ಮೊದಲ ಸಲ ಮಾತ್ರ ಮುಖತಃ ಹೋಗಿ ನೂಲು ಪರೀಕ್ಷೆ ಮಾಡಿಸ್ಕೊಳ್ಳಿ. ಕುಮಟಾ-ಸಿರಸಿ ರಸ್ತೆಯ ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸ ಅಂತ ಬಂದ್ ಇದ್ರೆ ಯಲ್ಲಾಪುರ ಮೇಲೆ ಸುತ್ತು, ವಿಚಾರಿಸಿಕೊಂಡು ಹೊರಡಿ. ಎರಡು ವರ್ಷಕ್ಕೊಮ್ಮೆ ಬರೋ ಮಾರಿಕಾಂಬಾ ಜಾತ್ರೆಯ ವರ್ಷ ಮಾರ್ಚ್ ಹೊತ್ತಿಗೆ ಸಿರಸಿ ಪೇಟೇಲಿ ಕಾಲಿಡೋಕೆ ಜಾಗ ಇರಲ್ಲ, ಅಕ್ಕನೂ ಅಂಗಡಿ ಮುಚ್ಚಿರ್ತಾರೆ. ದೀಪಾವಳಿ ಆದ ಕೂಡ್ಲೇ ಚಳಿ ಅಂತ ಎಲ್ಲರೂ ಒಟ್ಟಿಗೆ ತಂದು ಸುರೀತಾರೆ, ಆಗ ಕೊಟ್ರೆ ಸಂಕ್ರಾಂತಿ ಕಳೆದು ಸಿಗುತ್ತೆ. ಏಪ್ರಿಲ್ ಕೊನೆ, ಮೇ ಮೊದಲ ವಾರ ಒಳ್ಳೆ ಹೊತ್ತು, ಕೈ ಖಾಲಿ ಇರುತ್ತೆ, ಬೇಸಗೆ ಗಾಳಿಗೆ ಪೂರ್ತಿ ಒಣಗಿ ಬರುತ್ತೆ, ಮಳೆ ಹಿಡಿಯೋಕೆ ಮುಂಚೆ ಡಬ್ಬಿಗೆ ಹಾಕಿ ಮುಚ್ಚಿಬಿಡಬಹುದು. ಗೊಂಡೆ ಇರೋ ಟೊಪ್ಪಿ ಆದ್ರೆ ತಗೊಳ್ಳುವಾಗ ಅಲ್ಲೇ ಒತ್ತಿ ನೋಡಿ ತಗೊಳ್ಳಿ.